ಸನದಿನ ಬಂಡಿ — ಏಳನೆಯ ಕಂತು: ತುಕ್ಕಿನ ಅರ್ಧ ಮೈಲಿ

"ಏನ್ ಸಾರ್, ಹಳೀನ ನೆಕ್ಕಿ ನೋಡ್ತೀರೋ ಹೇಗೆ?"

ನಾನು ತಲೆ ಎತ್ತಲಿಲ್ಲ. ಕ್ವಾರಿ ಬೀದಿಯ ನಟ್ಟನಡುವೆ ಮೊಣಕಾಲೂರಿ, ಭೂತಗನ್ನಡಿಯನ್ನು ಹಳಿಯ ಮೇಲೆ ಹಿಡಿದಿದ್ದೆ. ನವೆಂಬರಿನ ಗಾಳಿ ಕೋಟಿನ ಕಾಲರಿನೊಳಗೆ ನುಗ್ಗಿ ಬೆನ್ನು ಕೊರೆಯುತ್ತಿತ್ತು.

ಮಾತಾಡಿದವನು ಹಾಲ್ವರ್ ಬ್ರೆಕ್ಕೆ, ಕೆಂಡ್ರಿಕ್ ಫಾಲ್ಸ್ ಟ್ರಾಮ್ ಕಂಪನಿಯ ಡಿಪೋ ಮೇಸ್ತ್ರಿ. ಅರವತ್ತರ ಹತ್ತಿರದ ನಾರ್ವೆಯವ. ಬಾಗಿಲಿನಷ್ಟು ಅಗಲದ ಆಳು. ನನ್ನನ್ನು ಗುಡ್ಡಕ್ಕೆ ಕರೆತರಲು ತಾನೇ ಬಂಡಿ ಓಡಿಸಿಕೊಂಡು ಬಂದಿದ್ದ. ಗುಡ್ಡದ ತುದಿಗೆ ಇನ್ನೂ ಅರ್ಧ ಮೈಲಿ ಇರುವಾಗಲೇ, ವೀಲಾಕ್ ಮನೆಯ ಮುಂದೆ, ನಿಲ್ಲಿಸಿ ಎಂದಿದ್ದೆ. ಅಲ್ಲಿಂದ ಮುಂದಿನ ಹಳಿಯನ್ನು ನಡೆದೇ ನೋಡಬೇಕಿತ್ತು. ಚಕ್ರ ಉರುಳಿದರೆ ಸಾಕ್ಷಿ ಅಳಿಸಿಹೋಗುತ್ತಿತ್ತು.

ಮೂರು ದಿನದ ಹಿಂದೆ, ಸೋಮವಾರ ಬೆಳಿಗ್ಗೆ, ನಲವತ್ತೇಳನೇ ನಂಬರಿನ ಟ್ರಾಮ್ ಈ ಗುಡ್ಡದಿಂದ ಹಿಡಿತ ತಪ್ಪಿ ಇಳಿದು ಸೇತುವೆಯ ಕಲ್ಲುಗೋಡೆಗೆ ಅಪ್ಪಳಿಸಿತ್ತು. ಒಳಗೆ ಚಾಲಕ ಅಮೋಸ್ ವೀಲಾಕನ ಹೆಣ, ಅವನ ಜೇಬಿನಲ್ಲಿ ಒಡೆದ ವಿಸ್ಕಿ ಶೀಸೆ ಸಿಕ್ಕಿದ್ದವು.

'ಕುಡಿದು ನಿದ್ದೆಹೋಗಿದ್ದ' ಎಂದು ಕಂಪನಿ ಬರೆದುಕೊಟ್ಟಿತ್ತು. ರಾಜ್ಯ ಆಯೋಗದ ತನಿಖಾಧಿಕಾರಿಯಾಗಿ ನಾಳೆ ಹತ್ತು ಗಂಟೆಗೆ ಪುರಭವನದಲ್ಲಿ ನಾನು ವರದಿ ಓದಬೇಕು. ನಾನು ಬೇರೆ ಏನನ್ನೂ ತೋರಿಸದಿದ್ದರೆ, ಮೂವತ್ತನಾಲ್ಕು ವರ್ಷ ಒಂದು ಗಾಜನ್ನೂ ಒಡೆಯದ ಮನುಷ್ಯನ ಹೆಸರಿನ ಜೊತೆ ಆ ಮಾತೇ ಉಳಿಯುತ್ತದೆ.

"ಹಾಲ್ವರ್, ಇಲ್ಲಿ ಬನ್ನಿ," ಎಂದೆ. "ಇದೇನು ಹೇಳಿ."

"ಹಳಿ."

"ಹಳಿಯ ಮೇಲೆ?"

ಅವನು ಬಗ್ಗಲಿಲ್ಲ. "ತುಕ್ಕು. ತೇವ ಜಾಸ್ತಿ ಸಾರ್ ಈ ಊರಲ್ಲಿ. ನನ್ನ ಮಂಡಿಗೂ ಹಿಡಿದಿದೆ, ಬೇಕಾದ್ರೆ ಅದನ್ನೂ ನೋಡಿ."

ಚಾಕುವಿನ ತುದಿಯಿಂದ ಒಂದು ಹಕ್ಕಳೆಯನ್ನು ಎಬ್ಬಿಸಿ ಅಂಗೈ ಮೇಲೆ ಇಟ್ಟುಕೊಂಡೆ. ಉಗುರಿನಷ್ಟು ದಪ್ಪ, ಮೂರು ಪದರ. ಕಬ್ಬಿಣಕ್ಕೆ ಮರೆವು ಬೇಗ. ದಿನವೂ ಚಕ್ರ ಉರುಳಿದರೆ ಬೆಳ್ಳಿಯಂತೆ ಹೊಳೆಯುತ್ತದೆ. ಒಂದು ತೇವದ ರಾತ್ರಿ ಬಿಟ್ಟರೆ ಕಿತ್ತಳೆ ಬಣ್ಣದ ತೆಳು ಪುಡಿ. ವಾರಗಟ್ಟಲೆ ಬಿಟ್ಟರೆ ಮಾತ್ರ ಹೀಗೆ ಗಾಯದ ಹಕ್ಕಳೆಯಂತೆ ಏಳುತ್ತದೆ, ತಾನು ಅಗೆದು ತೆಗೆಯಲ್ಪಟ್ಟ ಮಣ್ಣಿಗೇ ಹಿಂತಿರುಗುವ ಹಾಗೆ.

ವೀಲಾಕ್ ಮನೆಯವರೆಗಿನ ಹಳಿ ಹೊಳೆಯುತ್ತಿತ್ತು. ಅಲ್ಲಿಂದ ಒಂದು ಮಾರು ಮೇಲಕ್ಕೆ, ಯಾರೋ ಗೆರೆ ಎಳೆದಂತೆ, ತುಕ್ಕು ಶುರುವಾಗಿತ್ತು.

"ಎರಡು ತಿಂಗಳಿಗೆ ಕಡಿಮೆಯಿಲ್ಲ," ಎಂದೆ. "ಸೋಮವಾರಕ್ಕೆ ಮುಂಚೆ ಎರಡು ತಿಂಗಳು ಈ ಅರ್ಧ ಮೈಲಿಯ ಮೇಲೆ ಬಂಡಿ ಬಂದಿಲ್ಲ. ಆದರೆ ನಿಮ್ಮ ಡಿಪೋದ ಓಟದ ಹಾಳೆಗಳಲ್ಲಿ ದಿನಾ 'ತುದಿ ತಲುಪಿದ್ದು ಒಂಬತ್ತು ಇಪ್ಪತ್ತಕ್ಕೆ' ಅಂತಿದೆ. ಕೆಳಗೆ ನಿಮ್ಮ ರುಜು ಇದೆ."

ಹಾಲ್ವರ್ ಟೋಪಿ ತೆಗೆದು ಮತ್ತೆ ಹಾಕಿಕೊಂಡ.

ಆ ರುಜುವಿನ ತೂಕ ನನಗೆ ಗೊತ್ತಿತ್ತು. ಎರಡು ದಿನ ಕಂಪನಿಯ ಹಳೆಯ ಕಡತಗಳನ್ನೇ ಓದಿದ್ದೆ.

ಸಾವಿರದೆಂಟುನೂರ ಎಪ್ಪತ್ತೊಂದರಲ್ಲಿ ಎಂಟು ಕುದುರೆ ಬಂಡಿಗಳಿಂದ ಶುರುವಾದ ಕಂಪನಿ ಇದು. ಕುದುರೆಯ ಗೊರಸು ಬೀದಿಯನ್ನು ಸವೆಸುತ್ತದೆಂದು, ಹಳಿಗಳ ನಡುವಿನ ಕಲ್ಲುಹಾಸನ್ನು ಕಂಪನಿಯೇ ದುರಸ್ತಿ ಮಾಡಬೇಕೆಂದು ನಗರಸಭೆ ತನ್ನ ಪರವಾನಗಿಯ ಸನದಿನಲ್ಲಿ ಬರೆಸಿತ್ತು. ಕುದುರೆಗಳು ಹೋಗಿ ಮೂವತ್ತು ವರ್ಷವಾದರೂ, ಇವತ್ತಿಗೂ ಆ ಕಲ್ಲನ್ನು ಕೂರಿಸುವವರು ಕಂಪನಿಯ ಆಳುಗಳೇ. ಅದರ ಮೇಲೆ ಓಡಾಡುವುದು ಮಾತ್ರ ಊರಿನವರ ಮೋಟಾರು ಕಾರುಗಳು.

ತೊಂಬತ್ತಮೂರರಲ್ಲಿ ವಿದ್ಯುತ್ ಬಂತು, ಹೊಸ ಸನದು ಬಂತು. ಭಾನುವಾರ ಬಂಡಿ ತುಂಬಲೆಂದು ಕಂಪನಿ ಗುಡ್ಡದ ತುದಿಯಲ್ಲಿ ತನ್ನದೇ ಉದ್ಯಾನ ಕಟ್ಟಿತು. ದೋಣಿಕೊಳ, ವಾದ್ಯಮಂಟಪ, ತಿರುಗುವ ಮರಗುದುರೆಗಳು. ಆಗ ನಗರಸಭೆಯ ಒಬ್ಬ ಸದಸ್ಯನಿಗೆ ಅನುಮಾನ. ಉದ್ಯಾನದ ಶೋಕಿ ಮುಗಿದ ಮೇಲೆ ಇವರು ಕಲ್ಲುಗಣಿಯ ಕೂಲಿಗಳನ್ನು ನಡೆದುಕೊಂಡು ಹೋಗಿ ಎಂದು ಬಿಟ್ಟುಬಿಟ್ಟರೆ? ಅದಕ್ಕೇ ಹದಿನೇಳನೆಯ ಷರತ್ತು ಸೇರಿಸಿದ. ಭಾನುವಾರ ಬಿಟ್ಟು ದಿನಕ್ಕೊಂದಾದರೂ ಬಂಡಿ ಗುಡ್ಡದ ತುದಿ ಮುಟ್ಟಿ ಬರಬೇಕು. ಸತತ ಮೂವತ್ತು ದಿನ ತಪ್ಪಿದರೆ ಗುಡ್ಡದ ಬೀದಿಯಷ್ಟೇ ಅಲ್ಲ, ಊರಿನ ಎಲ್ಲ ಬೀದಿಗಳ ಹಕ್ಕೂ ಹೋಗುತ್ತದೆ.

ಗಣಿ ಮುಚ್ಚಿತು. ಉದ್ಯಾನ ಸುಟ್ಟುಹೋಯಿತು. ಗುಡ್ಡದ ತುದಿಯಲ್ಲಿ ಈಗ ಕರಿಹಿಡಿದ ಮಂಟಪದ ಕಂಬಗಳು ಮಾತ್ರ. ಆದರೂ ದಿನಾ ಬೆಳಿಗ್ಗೆ ಒಂಬತ್ತಕ್ಕೆ ಒಂದು ಬಂಡಿ ಡಿಪೋದಿಂದ ಹೊರಟು, ಯಾರನ್ನೂ ಹತ್ತಿಸದೆ, ಯಾರನ್ನೂ ಇಳಿಸದೆ ಹೋಗಿಬರುತ್ತಿತ್ತು. ಊರಲ್ಲಿ ಅದಕ್ಕೆ 'ಸನದಿನ ಬಂಡಿ' ಎಂದೇ ಹೆಸರು. ಐದು ವರ್ಷದಿಂದ ಅದರ ಚಾಲಕ ಅಮೋಸ್ ವೀಲಾಕ್ ಒಬ್ಬನೇ.

"ಇನ್ನೊಂದು ಇದೆ," ಎಂದು ಎದ್ದು ಮೇಲಕ್ಕೆ ನಡೆದೆ. ಹಾಲ್ವರ್ ಹಿಂದೆ ಬಂದ.

ತುದಿಗೆ ನೂರು ಗಜ ಇರುವಲ್ಲಿ ತುಕ್ಕಿನ ಮೇಲೆ ಒಂದೇ ಒಂದು ಗೀರು, ಎರಡೂ ಹಳಿಯ ಮೇಲೆ ಸಮಸಮನಾಗಿ. ಬಂಡಿ ಹತ್ತಿಹೋದಾಗ ಹಕ್ಕಳೆ ಬರೀ ಪುಡಿಯಾಗಿ ಒತ್ತಿಕೊಂಡಿತ್ತು. ಇಳಿಯುವಾಗ ಚಕ್ರಗಳು ತಿರುಗುವುದನ್ನೇ ನಿಲ್ಲಿಸಿ ಜಾರಿದ್ದವು. ಹಕ್ಕಳೆ ಕೆಳದಿಕ್ಕಿಗೆ ಹರಿದು ಕಿತ್ತುಬಂದಿತ್ತು. ಹರಿದ ಜಾಗದ ತುಂಬ ಬೆಳ್ಳಗೆ ನುರಿದ ಮರಳು.

"ಇದು ಸೋಮವಾರದ್ದು. ಒಂದು ಸಲ ಮೇಲಕ್ಕೆ, ಒಂದು ಸಲ ಕೆಳಕ್ಕೆ. ಈ ಮರಳು ಚಾಲಕನ ಕಾಲಡಿಯ ಪೆಟ್ಟಿಗೆಯದು ತಾನೆ?"

"ಹೌದು," ಎಂದ ಹಾಲ್ವರ್. ದನಿ ಇಳಿದಿತ್ತು. "ಚಕ್ರ ಜಾರಿದಾಗ ಹಿಡಿತ ಸಿಗ್ಲಿ ಅಂತ ಬಿಡೋದು. ಮೆಟ್ಟಿದರೆ ಬೀಳತ್ತೆ."

"ಮೆಟ್ಟಬೇಕು. ತಾನಾಗೇ ಬೀಳಲ್ಲ."

"ಇಲ್ಲ."

"ನಾನೂರು ಗಜ ಅಳೆದಿದ್ದೇನೆ ಹಾಲ್ವರ್. ಪೆಟ್ಟಿಗೆ ಖಾಲಿಯಾಗೋವರೆಗೂ ಮೆಟ್ಟಿದ್ದಾರೆ. ಬ್ರೇಕು ಕೈಕೊಟ್ಟ ಮೇಲೂ ಇಷ್ಟು ದೂರ ಆ ಬಂಡಿಯ ಜೊತೆ ಗುದ್ದಾಡಿದ್ದಾರೆ. ನಿದ್ದೆ ಮಾಡೋನು ಹೀಗೆ ಮಾಡ್ತಾನಾ? ಕುಡಿದೋನು ಮಾಡ್ತಾನಾ?"

ಅವನು ಮರಳನ್ನೇ ನೋಡುತ್ತ ನಿಂತ. ಬೆರಳು ಚಾಚಿ ಮುಟ್ಟಲು ಹೋಗಿ, ಬಿಸಿ ತಗುಲಿದವನಂತೆ ಕೈ ಹಿಂದಕ್ಕೆಳೆದುಕೊಂಡ.

"ಹಾಗಾದ್ರೆ ಬರೀರಿ ಸಾರ್," ಎಂದ. "ಅಮೋಸ್ ಕುಡಿದಿರಲಿಲ್ಲ ಅಂತ ಬರೀರಿ. ಮರಳಿನ ವಿಷಯ ಬರೀರಿ. ತುಕ್ಕಿನ ವಿಷಯ ಮಾತ್ರ ಬೇಡ."

"ಮರಳು ಇರೋದೇ ತುಕ್ಕಿನ ಮೇಲೆ. ಒಂದನ್ನ ತೋರಿಸಿ ಇನ್ನೊಂದನ್ನ ಮುಚ್ಚಿಡೋದು ಹೇಗೆ?"

"ನೀವು ಓದಿದೋರು. ಏನಾದ್ರೂ ಒಂದು ದಾರಿ ಇರತ್ತೆ."

"ಓದಿರೋದಕ್ಕೇ ದಾರಿ ಇಲ್ಲ."

ಅವನು ನಕ್ಕ. ಒಳ್ಳೆಯ ನಗುವಲ್ಲ. "ನೂರ ನಲವತ್ತು ಜನ ಸಾರ್ ನಾವು. ತುಕ್ಕು ಅಂತ ನೀವು ನಾಳೆ ಬಾಯಿ ಬಿಟ್ರೆ, ನಾಡಿದ್ದು ಊರ ಬೀದಿಗಳೆಲ್ಲ ಬಸ್ಸಿನವರ ಪಾಲು. ಐವತ್ತು ದಾಟಿರೋ ಟ್ರಾಮಿನವನಿಗೆ ಬಸ್ಸಿನವರು ಕೆಲಸ ಕೊಡ್ತಾರಾ? ಕೊಡ್ತಾರೆ, ಕಸಪೊರಕೆ."

"ಸುಳ್ಳು ಹಾಳೆಗೆ ರುಜು ಹಾಕುವಾಗ ಆ ನೂರ ನಲವತ್ತು ಜನ ನೆನಪಾಗಲಿಲ್ವಾ?"

ಮಾತು ಚುಚ್ಚಿತು. ಬೇಕೆಂದೇ ಚುಚ್ಚಿದ್ದೆ.

ಹಾಲ್ವರ್ ಹಳಿಯ ಪಕ್ಕದ ಕಲ್ಲಿನ ಮೇಲೆ ಕುಳಿತುಬಿಟ್ಟ. ಅಷ್ಟು ದೊಡ್ಡ ಆಳು ಕುಳಿತಾಗ ಎಷ್ಟು ಚಿಕ್ಕವನಾಗಿ ಕಂಡ!

"ಆಗಸ್ಟಿನ ಕೊನೇಲಿ ಕೊರಾಗೆ ಡಾಕ್ಟರು ಹೇಳಿಬಿಟ್ರು," ಎಂದ. "ಅಮೋಸನ ಹೆಂಡ್ತಿ. ಹೊಟ್ಟೇಲಿ ಗಡ್ಡೆ. ಕ್ರಿಸ್‌ಮಸ್ ನೋಡಲ್ಲ ಅಂದ್ರು. ಮಗಳು ಲೆಟಿ ಶಾಲೆ ಟೀಚರ್ರು, ಬೆಳಿಗ್ಗೆ ಹೊತ್ತು ಮನೇಲಿ ಯಾರೂ ಇರ್ತಿರಲಿಲ್ಲ. ಅಮೋಸ್ ದಿನಾ ಅದೇ ಮನೆ ಮುಂದೆ ಖಾಲಿ ಬಂಡಿ ಓಡಿಸ್ಕೊಂಡು ಹೋಗ್ಬೇಕು. ಒಳಗೆ ಹೆಂಡ್ತಿ ನರಳ್ತಾ ಇದ್ದಾಳೆ, ಇವನು ಸುಟ್ಟುಹೋದ ಮರಗುದುರೆ ನೋಡ್ಕೊಂಡು ಬರ್ಬೇಕು. ಏನ್ ನ್ಯಾಯ ಸಾರ್ ಇದು?"

ಅವನು ಕೆಳಗಿನ ಆ ಮನೆಯ ಕಡೆ ನೋಡಿದ.

"ಒಂದಿನ ನಾನೇ ಹೇಳ್ದೆ. ಲೋ ಅಮೋಸ್, ಮೇಲೆ ಯಾರಿದ್ದಾರೋ ನಿನ್ನ ಕಾಯೋಕೆ? ಅಳಿಲು ಕಾಯ್ತಾ ಕೂತಿದೆಯಾ? ಮನೆ ಮುಂದೆ ಬಂಡಿ ನಿಲ್ಸು, ಅರ್ಧ ಗಂಟೆ ಅವಳ ಹತ್ರ ಕೂತು ವಾಪಸ್ ಬಾ, ಹಾಳೆಗೆ ನಾನು ರುಜು ಹಾಕ್ತೀನಿ ಅಂತ. ಒಂದಿನ ಅಂತ ಶುರುವಾಯ್ತು."

"ಹನ್ನೊಂದು ವಾರ ಆಯಿತು."

"ದಿನಾ ಎಣಿಸ್ತಿದ್ದೆ. ಇಪ್ಪತ್ತೊಂಬತ್ತನೇ ದಿನ ಒಂದು ಸಲ ಮೇಲೆ ಹೋಗಿ ಬಾ ಅಂದೆ. ಅವತ್ತು ಕೊರಾಗೆ ರಕ್ತ ವಾಂತಿ. ಹೇಗೆ ಕಳಿಸ್ಲಿ?" ಅವನು ಅಂಗೈಗಳಿಂದ ಮುಖ ಉಜ್ಜಿಕೊಂಡ. "ಹಾಲ್ವರ್ ಬ್ರೆಕ್ಕೆ ಮೋಸಗಾರ ಅಂತ ಬರ್ಕೊಳ್ಳಿ. ಜೈಲಿಗೆ ಹೋಗ್ತೀನಿ. ಅಲ್ಲಿ ತೇವ ಇದಕ್ಕಿಂತ ಕಡಿಮೆ ಇರತ್ತೆ."

ಆ ಕ್ಷಣ ಅವನ ಮೇಲೆ ನನಗಿದ್ದ ಸಿಟ್ಟೆಲ್ಲ ಇಳಿದುಹೋಯಿತು. ಕಾನೂನಿನ ಕಣ್ಣಿಗೆ ಅದು ವಂಚನೆ. ನನ್ನ ಕಣ್ಣಿಗೆ ಅದು ಏನೆಂದು ಬರೆಯಲು ಪದ ಸಿಗಲಿಲ್ಲ.

ಆದರೂ ಒಂದು ಪ್ರಶ್ನೆ ಉಳಿದಿತ್ತು.

"ಹನ್ನೊಂದು ವಾರ ಮೇಲೆ ಬರದಿದ್ದವರು ಸೋಮವಾರ ಯಾಕೆ ಬಂದರು?"

"ಗೊತ್ತಿಲ್ಲ."

"ನೀವೆಲ್ಲಿದ್ರಿ ಆಗ?"

"ಡಿಪೋದಲ್ಲಿ. ಹನ್ನೆರಡನೇ ನಂಬರ್ ಬಂಡಿ ಕೆಳಗೆ, ಗುಂಡಿಯೊಳಗೆ. ಸದ್ದು ಕೇಳಿದ ಮೇಲೇ ಹೊರಗೆ ಬಂದಿದ್ದು."

ಅವನು ಎದ್ದು ಇಳಿಯತೊಡಗಿದ. ನಾಲ್ಕು ಹೆಜ್ಜೆ ಹೋಗಿ ನಿಂತ.

"ಸಾರ್, ಮನೆ ಒಳಗೆ ಹೋಗೋದಾದ್ರೆ ಒಂದು ಮಾತು. ಕೊರಾಗೆ ಗೊತ್ತಿಲ್ಲ."

"ಏನು ಗೊತ್ತಿಲ್ಲ?"

"ಅಮೋಸ್ ಹೋಗಿದ್ದು."

ನಾನು ಅವನ ಮುಖ ನೋಡಿದೆ.

"ಅವಳಿಗೆ ಉಳಿದಿರೋದೇ ಇನ್ನು ಒಂದೆರಡು ವಾರ. ನಾನೂ ಲೆಟೀನೂ ಮಾತಾಡ್ಕೊಂಡ್ವಿ. ಅಪ್ಪನಿಗೆ ಡಬಲ್ ಡ್ಯೂಟಿ, ಆಯೋಗದ ಸಾಹೇಬರು ಬಂದಿದ್ದಾರೆ, ಬಂಡಿ ಬಿಟ್ಟು ಇಳಿಯೋ ಹಾಗಿಲ್ಲ ಅಂತ ಹೇಳಿದೀವಿ. ಮಂಗಳವಾರದಿಂದ ದಿನಾ ನಾನೇ ಬಂಡಿ ತರ್ತೀನಿ. ಮನೆ ಮುಂದೆ ಅಮೋಸ್ ಹೊಡೀತಿದ್ದ ಹಾಗೇ ಕಾಲಲ್ಲಿ ಮೆಟ್ಟೋ ಗಂಟೆ ಹೊಡೆದು ವಾಪಸ್ ಹೋಗ್ತೀನಿ. ಗಂಟೆ ಕೇಳಿದ್ರೆ ಗಂಡ ಇದ್ದಾನೆ ಅಂದ್ಕೋತಾಳೆ. ಅಷ್ಟೇ."

ಮನೆಯ ಮುಂದೆ ಬಂದಾಗ ಅವನು ಚಕ್ರದ ಕೆಳಗಿನ ಮರದ ತುಂಡನ್ನು ತೆಗೆದು ಬಂಡಿ ಹತ್ತಿದ. "ನೀವು ಹೋಗಿ ಬನ್ನಿ. ನಾನು ಅವಳ ಮುಖ ನೋಡಲಾರೆ."

ಲೆಟಿ ಬಾಗಿಲು ತೆರೆದಳು. ಇಪ್ಪತ್ತನಾಲ್ಕರ ಹುಡುಗಿ, ಮೂರು ದಿನದಿಂದ ಅಳುವನ್ನು ಅಡುಗೆಮನೆಯಲ್ಲೇ ಮುಗಿಸಿಕೊಂಡು ಬರುತ್ತಿದ್ದವಳ ಕಣ್ಣು.

"ಅಮ್ಮ ಎದ್ದಿದ್ದಾರೆ," ಎಂದು ಪಿಸುಗುಟ್ಟಿದಳು. "ನೀವು ಏನೂ ಹೇಳಲ್ಲ ಅಲ್ವಾ? ನಾಳೆ ಅಪ್ಪನ ಹೆಸರು ಕೆಟ್ಟರೆ ಕೆಡಲಿ, ಅಮ್ಮನ ಕಿವಿಗೆ ಬೀಳದಿದ್ರೆ ಸಾಕು." ಹಾಗೆಂದವಳು ತಕ್ಷಣ ತಲೆಯಾಡಿಸಿದಳು. "ಇಲ್ಲ. ಕೆಡಬಾರದು. ಅವರು ಕುಡೀತಿರಲಿಲ್ಲ ಸಾರ್, ನನ್ನಾಣೆ."

ಹಿಂಬದಿಯ ಕೋಣೆ. ಕಿಟಕಿಯಾಚೆ ಬೋಳು ಸೇಬಿನ ಮರ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ; ಬೀದಿ ಮನೆಯ ಮುಂಬದಿಗಿತ್ತು. ಕೊರಾ ವೀಲಾಕ್ ದಿಂಬಿಗೆ ಒರಗಿದ್ದಳು. ಕಾಯಿಲೆ ಮೈಯನ್ನೆಲ್ಲ ತಿಂದು ಕಣ್ಣನ್ನೂ ಕೈಬೆರಳನ್ನೂ ಮಾತ್ರ ಬಿಟ್ಟಂತಿತ್ತು.

"ಓಹೋ, ನೀನೇನಾ," ಎಂದಳು. "ನನ್ನ ಗಂಡನ್ನ ಬಂಡಿಯಿಂದ ಇಳಿಯೋಕೆ ಬಿಡದೆ ಇರೋನು?"

ಸುಳ್ಳು ನನ್ನ ಬಾಯಿಗೆ ಬರಲಿಲ್ಲ. "ಕ್ಷಮಿಸಿ ಅಮ್ಮ," ಎಂದಷ್ಟೇ ಅಂದೆ.

"ಪರವಾಗಿಲ್ಲ ಕೂತ್ಕೋ. ಸರ್ಕಾರದ ಜನಕ್ಕೆ ಕುರ್ಚಿ ಕಂಡ್ರೆ ತಾನೇ ಸಮಾಧಾನ? ಲೆಟಿ, ಇವನಿಗೆ ಟೀ ಮಾಡು. ನಿನ್ನೆಯ ಸೇಬಿನ ಕಡುಬು ಇದ್ರೆ ಬಿಸಿ ಮಾಡು. ಚೆನ್ನಾಗಿ ಬಿಸಿಯಾಗಲಿ, ಅವಸರ ಬೇಡ."

ಮಗಳ ಹೆಜ್ಜೆ ದೂರವಾಗುವವರೆಗೆ ಕೊರಾ ಕಾದಳು. ಮುಖದ ಮೇಲಿನ ನಗು ಹಾಗೇ ಇತ್ತು. ಮಾತು ಮಾತ್ರ ಬದಲಾಯಿತು.

"ಅವನನ್ನ ಎಲ್ಲಿ ಇಟ್ಟಿದ್ದಾರಪ್ಪ? ತಣ್ಣಗಿರೋ ಜಾಗ ತಾನೆ?"

ನಾನು ತಟ್ಟನೆ ಬಾಗಿಲ ಕಡೆ ನೋಡಿದೆ.

"ಬೆಚ್ಚಬೇಡ. ಲೆಟಿಗೆ ಹೇಳ್ಬೇಡ. ಪಾಪ, ಸುಳ್ಳು ಹೇಳೋಕೆ ಎಷ್ಟು ಕಷ್ಟಪಡ್ತಿದ್ದಾಳೆ. ನನಗೆ ತಿಳಿದಿಲ್ಲ ಅಂದ್ಕೊಂಡಿರೋದೊಂದೇ ಅವಳನ್ನ ನಿಲ್ಲಿಸಿರೋದು. ನಾನು ಹೋಗೋವರೆಗೂ ಹಾಗೇ ಇರಲಿ."

"ಹೇಗೆ ಗೊತ್ತಾಯಿತು ನಿಮಗೆ?"

ಅವಳು ಹೊದಿಕೆಯ ಮೇಲೆ ತೋರುಬೆರಳಿನಿಂದ ತಟ್ಟಿದಳು. ಎರಡು ಒಟ್ಟಿಗೆ, ಸ್ವಲ್ಪ ಬಿಟ್ಟು ಒಂದು.

"ಮದುವೆಗೆ ಮುಂಚೆ ರೈಲ್ವೆ ಸ್ಟೇಷನ್ನಿನಲ್ಲಿ ತಂತಿ ಕೆಲಸ ನಂದು. ಏಳು ವರ್ಷ. ಇದು ನನ್ನ ಹೆಸರಿನ ಮೊದಲ ಅಕ್ಷರ, ತಂತಿ ಭಾಷೇಲಿ. ಅಮೋಸ್ ಕಲಿತ. ನನ್ನ ಹಿಂದೆ ಬಿದ್ದಿದ್ದ ಕಾಲದಲ್ಲಿ ಸ್ಟೇಷನ್ ಮುಂದೆ ಬಂಡಿ ತಂದಾಗೆಲ್ಲ ಗಂಟೇಲಿ ಇದನ್ನೇ ಹೊಡೀತಿದ್ದ. ಆಮೇಲೆ ಈ ಮನೆ ಮುಂದೆ." ಉಸಿರಿಗೆ ನಿಂತು ಮುಂದುವರಿಸಿದಳು. "ತಂತಿ ಕೆಲಸದವರಿಗೆ ಒಂದು ವಿದ್ಯೆ ಇರತ್ತಪ್ಪ. ನೂರು ಮೈಲಿ ಆಚೆ ಕೂತೋನು ಯಾರು ಅಂತ ಅವನ ಕೈಮೇಲೆ ಹೇಳ್ತೀವಿ. ಒಬ್ಬೊಬ್ಬರ ತಟ್ಟು ಒಂದೊಂದು ಥರ. ಅಕ್ಷರ ಕದೀಬಹುದು. ಕೈ ಕದಿಯೋಕಾಗಲ್ಲ."

"ಅಮೋಸ್‌ರದು ಹೇಗಿತ್ತು?"

"ಬಲಮಂಡಿ ನೋವು ಅವನಿಗೆ. ಮೂರನೇ ಹೊಡೆತ ತಡವಾಗಿ ಬರೋದು, ಮೆತ್ತಗೆ, ಬರಲಾ ಅಂತ ಕೇಳಿ ಬರೋ ಹಾಗೆ. ಈಗ ಬರೋನು ಮೊಳೆ ಹೊಡೆದ ಹಾಗೆ ಹೊಡೀತಾನೆ. ಮೂರನೇದು ಎರಡನೇದರ ಬೆನ್ನಟ್ಟಿ ಬರತ್ತೆ. ಮಂಗಳವಾರ ಕೇಳಿದೆ, ನಿನ್ನೆ ಕೇಳಿದೆ, ಇವತ್ತೂ ಕೇಳಿದೆ. ಅಮೋಸ್ ಬದುಕಿದ್ರೆ ಇನ್ನೊಬ್ಬನ ಕೈಲಿ ನನ್ನ ಹೆಸರು ಹೊಡೆಸ್ತಿರಲಿಲ್ಲ."

ಅವಳು ನನ್ನ ಕೈಯನ್ನು ಹಿಡಿದುಕೊಂಡಳು. ಒಣಗಿದ ಎಲೆಯ ಹಗುರ.

"ಅದನ್ನ ಹೇಳೋಕೆ ನಿನ್ನನ್ನ ಕೂರಿಸಿಕೊಳ್ಳಲಿಲ್ಲ. ಜೇಬಲ್ಲಿ ಶೀಸೆ ಸಿಕ್ತು ಅಂತಾರಂತೆ. ಪಕ್ಕದ ಮನೆಯವಳು ಲೆಟಿ ಹತ್ರ ಪಿಸುಗುಟ್ಟಿದ್ದು ಗೋಡೆ ದಾಟಿ ಬಂತು. ಅಮೋಸ್ ಬಂಡಿ ಓಡಿಸ್ತಾ ಸಾಯಲಿಲ್ಲಪ್ಪ. ಅದನ್ನ ಬರ್ಕೋ."

"ಅಮ್ಮ, ಮರಳು ಬಿಟ್ಟಿದ್ದಾರೆ, ಬಂಡಿ ನಿಲ್ಲಿಸೋಕೆ ಗುದ್ದಾಡಿದ್ದಾರೆ. ಗುರುತು ನಾನೇ ನೋಡಿದೆ."

"ಗುದ್ದಾಡಿರಬಹುದು. ಗುದ್ದಾಡಿದೋನು ಅವನಲ್ಲ." ಅವಳ ಹಿಡಿತ ಬಿಗಿಯಾಯಿತು. "ಸೋಮವಾರ ಬೆಳಿಗ್ಗೆ ಒಂಬತ್ತೂ ಹತ್ತಕ್ಕೆ ಬಂಡಿ ಬಂತು. ನಿಲ್ಲಲಿಲ್ಲ. ಹನ್ನೊಂದು ವಾರದಲ್ಲಿ ಮೊದಲ ಸಲ ನಿಲ್ಲದೆ ಮೇಲಕ್ಕೆ ಹೋಯ್ತು. ಹೋಗ್ತಾ ಗಂಟೆ ಹೊಡೀತು. ಅವತ್ತೇ ನನಗೆ ಜೀವ ಝಲ್ಲಂತು. ಅದು ನನ್ನ ಗಂಡನ ಕಾಲಲ್ಲ."

ಅಂದರೆ ಆ ಮರಳು, ಆ ನಾನೂರು ಗಜದ ಹೋರಾಟ, ಎಲ್ಲ ಇನ್ನೊಬ್ಬನದು. ಆಗ ಅಮೋಸ್ ಆ ಬಂಡಿಯಲ್ಲಿ ಏನಾಗಿದ್ದ? ಜೀವಂತವಿದ್ದನೇ? ಕಾಲೇಜಿನಲ್ಲಿ ಕಲಿತ ಯಾವ ಸೂತ್ರವೂ ನನ್ನ ಸಹಾಯಕ್ಕೆ ಬರಲಿಲ್ಲ.

"ಯಾರ ಕಾಲು ಅಂತ ಹೇಳಬಲ್ಲಿರಾ?"

ಕೊರಾ ಕಣ್ಣು ಮುಚ್ಚಿದಳು. ಎವೆಯಂಚಿನಿಂದ ಒಂದೇ ಹನಿ ಇಳಿದು ದಿಂಬಿಗೆ ಸೇರಿತು.

"ಮೂವತ್ತು ವರ್ಷ ನನ್ನ ಮನೇಲಿ ಉಂಡೋನು," ಎಂದಳು. "ಅವನನ್ನ ಕೇಳೋದಾದ್ರೆ ಮೆಲ್ಲಗೆ ಕೇಳಪ್ಪ."

ಅಷ್ಟರಲ್ಲಿ ಬೀದಿಯ ಕಡೆಯಿಂದ, ಮನೆಯ ಗೋಡೆಗಳನ್ನು ದಾಟಿ, ಗಂಟೆ ಕೇಳಿಸಿತು. ಎರಡು ಒಟ್ಟಿಗೆ. ಅದರ ಬೆನ್ನಟ್ಟಿ ಮೂರನೆಯದು.

ಕೊರಾ ಕಣ್ಣು ತೆರೆಯಲಿಲ್ಲ. "ಸೋಮವಾರದ್ದೂ ಇದೇ," ಎಂದಳು.

ಬಾಗಿಲಲ್ಲಿ ಲೆಟಿ ಟೀ ತಟ್ಟೆ ಹಿಡಿದು ನಿಂತಿದ್ದಳು.

"ಹಾಲ್ವರ್ ಮಾಮ ಕರೀತಿದ್ದಾರೆ ಸಾರ್," ಎಂದಳು. "ಗುಡ್ಡ ಇಳಿಯೋದು ನೀವು ಅವರ ಬಂಡಿಯಲ್ಲೇ ಅಲ್ವಾ?"